ಒತ್ತಕ್ಕ ಕೇಳುವ ಪ್ರಶ್ನೆ

ಆ ವಾರ್ಡಿನಲ್ಲಿ ಅವಳನ್ನು ಯಾರೂ ಸಿಸ್ಟರ್ ಅನ್ನುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಒತ್ತಕ್ಕ. ಹೊಟ್ಟೆಯ ಆಪರೇಷನ್ ಆಗಿ ಮಲಗಿದವರ ಕಾಲು ಹಿಡಿದು, ಕರುಳು ಮತ್ತೆ ಕೆಲಸ ಶುರುಮಾಡಲಿ ಎಂದು ಅಕ್ಯುಪ್ರೆಶರ್ ಒತ್ತುತ್ತಿದ್ದಳು. ತರಬೇತಿಯ ದಿನಗಳಲ್ಲಿ ಹಿರಿಯ ನರ್ಸೊಬ್ಬರಿಂದ ಕಲಿತದ್ದು. ಬಡ್ತಿ ಕೊಟ್ಟು ಆಫೀಸಿನಲ್ಲಿ ಕೂರಿಸಲು ಬಂದರೆ, "ಅಲ್ಲಿ ಒತ್ತೋಕೆ ಬರೀ ಮೊಹರು" ಎಂದು ವಾಪಸ್ ಬಂದಳಂತೆ. ಒತ್ತಿ ಮುಗಿಸಿ ಕೇಳುವುದು ಒಂದೇ ಪ್ರಶ್ನೆ: "ಗಾಳಿ ಹೋಯ್ತಾ?" ಹೊಸಬರೊಬ್ಬರು "ಇಲ್ಲಮ್ಮ, ಫ್ಯಾನು ತಿರುಗ್ತಾನೇ ಇದೆ" ಎಂದಾಗ, ಹೊಲಿಗೆ ಹಾಕಿಸಿಕೊಂಡವರೆಲ್ಲ ನಗಲೂ ಆಗದೆ ಹೊಟ್ಟೆ ಹಿಡಿದುಕೊಂಡರು.

ನನ್ನ ಮಾವನವರ ಕರುಳಿನ ಆಪರೇಷನ್ ಚೆನ್ನಾಗಿಯೇ ಆಗಿತ್ತು. ಕರುಳು ಮಾತ್ರ ಎಚ್ಚರವಾಗಲಿಲ್ಲ. ಹೊಟ್ಟೆ ಉಬ್ಬಿ ನಗಾರಿಯಾಯಿತು.

"ಸಂಜೆಯೊಳಗೆ ಗಾಳಿ ಹೋಗ್ಲಿಲ್ಲ ಅಂದ್ರೆ ಮೂಗಿಂದ ಟ್ಯೂಬ್ ಹಾಕ್ಬೇಕು. ಮತ್ತೆ ಹೊಟ್ಟೆ ಕೊಯ್ಯೋ ಪ್ರಸಂಗವೂ ಬರಬಹುದು" ಎಂದರು ಡಾಕ್ಟರು. ಒತ್ತಿ, ನಡೆಸಿ ನೋಡು ಎಂದು ಅವರೇ ಒತ್ತಕ್ಕನಿಗೆ ಹೇಳಿ ಹೋದರು.

ಅವಳು ಮಾವನ ಮೊಣಕಾಲಿನ ಕೆಳಗೆ ನಾಲ್ಕು ಬೆರಳು ಅಳೆದು, ಮೂಳೆಯ ಹೊರಬದಿಗೆ ಹೆಬ್ಬೆರಳೂರಿದಳು.

"ಇದರಿಂದ ಆಗೇ ಆಗುತ್ತಾ?" ಎಂದೆ.

"ಹಾಗಂತ ಮಾತು ಕೊಡಲ್ಲಮ್ಮ. ಕೆಲವರಿಗೆ ಆಗುತ್ತೆ, ಕೆಲವರಿಗೆ ನನ್ನ ಬೆರಳು ನೋಯೋದಷ್ಟೇ ಲಾಭ. ಅದಕ್ಕೇ ನಡೆಸೋದೂ ನಡೆಸ್ತೀನಿ."

ಅಂಗೈಯಲ್ಲಿ ಆಕಾಶ ತೋರಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈ ನೇರ ಮಾತಿಗೆ ಅಲ್ಲೇ ಸೋತುಹೋದೆ.

ನಮ್ಮ ಮಾವ ನಿವೃತ್ತ ಮೇಷ್ಟ್ರು. ಸೊಸೆಯ ಎದುರು ಬಾಯಿ ತೆರೆದು ಆಕಳಿಸಿದವರೂ ಅಲ್ಲ.

"ಮೇಷ್ಟ್ರೇ, ಗಾಳಿ ಹೋಯ್ತಾ?"

ಮಾವ ನನ್ನ ಮುಖ ನೋಡಿದರು, ಗೋಡೆ ನೋಡಿದರು. "ಹೂಂ, ಹೋಯ್ತು ಹೋಯ್ತು."

ಗಾಳಿ ಹೋದ ಮೇಲೇ ಊಟ ಎಂದಿದ್ದರು; ನಾನು ಖುಷಿಯಿಂದ ತರಲು ಎದ್ದೆ. ಒತ್ತಕ್ಕ ಕೈಸನ್ನೆಯಲ್ಲೇ ತಡೆದು, ಅವರ ಹೊಟ್ಟೆಯ ಮೇಲೆ ಅಲ್ಲಲ್ಲಿ ಸ್ಟೆತಾಸ್ಕೋಪ್ ಇಟ್ಟು ಕೇಳಿದಳು. ಒಳಗೆ ಸದ್ದೇ ಇಲ್ಲ. ಸುಳ್ಳು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ನನ್ನ ಕಡೆ ತಿರುಗಿ, "ಅಮ್ಮಾ, ನೀವು ಸ್ವಲ್ಪ ಹೊರಗಿರಿ. ನಂಗೆ ಬೆಳಕು ಸಾಲ್ತಿಲ್ಲ" ಎಂದಳು. ಕಿಟಕಿಯಲ್ಲಿ ಬಿಸಿಲು ಧಗಧಗ ಎನ್ನುತ್ತಿತ್ತು.

ಹೊರಗೆ ಬಂದ ಮೇಲೆ ನನ್ನ ತಲೆಗೆ ಹೊಳೆಯಿತು. ನಾಚಿಕೆಗಾಗಿ ಜೀವ ಕೊಡಲು ಹೊರಟಿದ್ದಾರಲ್ಲ ಈ ಮನುಷ್ಯ! ಆ ಸುಳ್ಳು ನಂಬಿ ಊಟ ಕೊಟ್ಟಿದ್ದರೆ ಗತಿಯೇನು? ಸಿಟ್ಟೂ ಬಂತು, ಅಳುವೂ ಬಂತು.

ಬಾಗಿಲ ಸಂದಿನಿಂದ ಒತ್ತಕ್ಕನ ದನಿ ಕೇಳಿಸಿತು. "ಪಾಠ ಅರ್ಥವಾಗದೆ ಇದ್ರೂ ಮಕ್ಕಳು ಆಯ್ತು ಅಂದ್ರೆ ನೀವೇನ್ ಮಾಡ್ತಿದ್ರಿ?"

"ಮತ್ತೆ ಹೇಳಿಕೊಡ್ತಿದ್ದೆ."

"ನಾನೂ ಮತ್ತೆ ಒತ್ತುತ್ತೀನಿ. ಆಗದಿದ್ರೆ ಧಾರಾಳವಾಗಿ ಇಲ್ಲ ಅನ್ನಿ."

ಅವಳು ಒತ್ತಿದಳು, ಮೊಗಸಾಲೆಯುದ್ದಕ್ಕೂ ಕೈಹಿಡಿದು ನಡೆಸಿದಳು, ಮಲಗಿಸಿ ಮತ್ತೆ ಒತ್ತಿದಳು. ಮಧ್ಯೆ ಮಧ್ಯೆ ಹೆಬ್ಬೆರಳು ಕೊಡವಿಕೊಳ್ಳುತ್ತಿದ್ದಳು. ಮಾವ ಪ್ರತಿ ಸಲವೂ "ಇಲ್ಲ" ಅಂದರು. "ಸರಿ ಬಿಡಿ" ಎಂದು ನಗುಮುಖದಲ್ಲೇ ಮತ್ತೆ ಕೂರುವಳು. ಊಟದ ಹೊತ್ತು ಮೀರಿದ್ದು ಅವಳಿಗೆ ಗೊತ್ತೇ ಆದಂತಿರಲಿಲ್ಲ. ನಾನಾಗಿದ್ದರೆ ಯಾವಾಗಲೋ ಕೈಚೆಲ್ಲುತ್ತಿದ್ದೆ.

ಬಿಸಿಲು ಇಳಿಯಿತು. ಟ್ಯೂಬಿನ ತಟ್ಟೆ ಹಿಡಿದು ಇನ್ನೊಬ್ಬ ನರ್ಸ್ ಒಳಗೆ ಹೋದಳು. ನಾನು ಕಣ್ಣು ಮುಚ್ಚಿ ಕೂತೆ.

ಬಾಗಿಲು ದಡಕ್ಕೆಂದಿತು. ಸಲೈನ್ ಕಂಬ ಹಿಡಿದು ಮಾವ ನಿಂತಿದ್ದರು. ಕೊನೆಯ ಬೆಂಚಿಗೂ ಮುಟ್ಟುವ ಮೇಷ್ಟ್ರ ಗಂಟಲಲ್ಲಿ ಕೂಗಿದರು:

"ಅಮ್ಮಾ! ಹೂಸು ಬಿಟ್ಟೆ ಕಣಮ್ಮಾ! ಹೂಸು!"

ಮೊಗಸಾಲೆಯ ಜನವೆಲ್ಲ ತಿರುಗಿ ನೋಡಿದರು. ನಾನು ಗಳಗಳ ಅತ್ತುಬಿಟ್ಟೆ. ಅವರ ಹಿಂದೆ ಒತ್ತಕ್ಕ ಬಾಗಿಲಿಗೊರಗಿ ನಗುತ್ತಿದ್ದಳು. ಈ ಸುದ್ದಿಯನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದಳೋ! ಆದರೂ ಅವಳ ಕಣ್ಣು ತುಂಬಿತ್ತು.