ಹಿಡಿಕೆಯಿಲ್ಲದ ಟಿಫಿನ್ ಡಬ್ಬಿ

ಹಿಡಿಕೆಯೊಂದು ಬರೆದರೆ ಮುಗಿಯಿತು ಎಂದುಕೊಂಡು ತಲೆಯೆತ್ತಿದೆ. ಅಬಿಡ್ಸ್ ಬಸ್ ಸ್ಟಾಪಿನಲ್ಲಿ ನಾನೊಬ್ಬನೇ ಉಳಿದಿದ್ದೆ. ಎದುರಿನ ಬೆಂಚಿನ ಮೇಲೆ ಯಾರೋ ಬಿಟ್ಟುಹೋದ ಟಿಫಿನ್ ಡಬ್ಬಿ. ಅದೇ ನನ್ನ ಅಂದಿನ ಚಿತ್ರ. ದಿನಕ್ಕೊಂದು ಸಾಮಾನು ಬರೆಯುವುದು ನನ್ನ ರೂಢಿ. ಜನರೆಲ್ಲ ರಸ್ತೆಯಾಚೆ ನಿಂತು ನನ್ನನ್ನೂ ಡಬ್ಬಿಯನ್ನೂ ನೋಡುತ್ತಿದ್ದರು. ಊರಲ್ಲಿ ಬಾಂಬ್ ಸಿಡಿದು ತಿಂಗಳೂ ಆಗಿಲ್ಲವೆಂಬುದು ಆಗ ನೆನಪಾಯಿತು.

ಕಾನ್‌ಸ್ಟೇಬಲ್ ಒಬ್ಬ ಓಡಿಬಂದು ನನ್ನನ್ನು ದೂರ ಎಳೆದೊಯ್ದು ಚಿತ್ರದ ಪುಸ್ತಕ ಕಸಿದುಕೊಂಡ. ಅದರಲ್ಲಿ ಅಲಾರಾಂ ಗಡಿಯಾರ, ಪ್ರೆಷರ್ ಕುಕ್ಕರ್, ವೈರಿನ ಸುರುಳಿ. ಎಲ್ಲ ನಮ್ಮ ಮನೆಯವೇ. ಅವನು ಪುಟ ತಿರುವಿದಂತೆಲ್ಲ ನನಗೇ ಅವನ್ನು ನೋಡಲು ಭಯವಾಯಿತು.

“ಯೇ ಸಬ್ ಕಾಯ್ಕು ಬನಾಯೇ?” ಎಂದ. ಇದನ್ನೆಲ್ಲ ಯಾಕೆ ಬರೆದೆಯೆಂದು ಕೇಳಿದ್ದಕ್ಕೆ, ದಿನಕ್ಕೊಂದು ಬರೆಯುತ್ತೇನೆ ಎಂದೆ.

ಅಷ್ಟರಲ್ಲಿ ಅಜ್ಜಿಯೊಬ್ಬರು ಏದುಸಿರು ಬಿಡುತ್ತಾ ಬಂದು ಡಬ್ಬಿ ಎತ್ತಿಕೊಂಡರು. ಮುಚ್ಚಳ ತೆಗೆದು ತೋರಿಸಿದರು. ಆಸ್ಪತ್ರೆಯಲ್ಲಿದ್ದ ಮಗಳಿಗೆ ಒಯ್ಯುತ್ತಿದ್ದ ಅನ್ನ, ಬೇಳೆಯ ಪಪ್ಪು. ಪೊಲೀಸಿನವನು ಪುಸ್ತಕ ವಾಪಸು ಕೊಟ್ಟು ನನ್ನನ್ನು ಬಿಟ್ಟ.

ಸಂಗತಿ ಕೇಳಿದ ಹೆಂಡತಿ ಬುಟ್ಟಿಯಿಂದ ಬದನೆಕಾಯಿಯೊಂದನ್ನು ತಂದು ನನ್ನ ಮುಂದಿಟ್ಟಳು. “ನಾಳಿಂದ ಇದರ ಚಿತ್ರಾ ತಗೀರಿ.”

ಬದನೆಕಾಯಿ ಈಗ ಚೆನ್ನಾಗಿಯೇ ಬರುತ್ತದೆ. ಆ ಡಬ್ಬಿಗೆ ಹಿಡಿಕೆ ಬರೆಯಲು ಮಾತ್ರ ಇವತ್ತಿಗೂ ಧೈರ್ಯವಾಗಿಲ್ಲ.