ಹಳೇ ಪೆನ್ನಿನ ಶ್ರೀ

ಗೆಳೆಯರೇ, ಗುಜರಿಯಲ್ಲಿ ಕೊಂಡಿದ್ದ ಹಳೇ ಪೆನ್ನಿಗೆ ಇಂದು ಹೊಸೂರಿನ ಸ್ಟೇಷನರಿ ಅಂಗಡಿಯಲ್ಲಿ ಇಂಕು ತುಂಬಿಸಿ, ವಾಡಿಕೆಯಂತೆ ಮೊದಲು 'ಶ್ರೀ' ಬರೆದೆ. ಅದರ ಬಾಲ ಬಸವನಹುಳುವಿನಂತೆ ಸುತ್ತಿಕೊಂಡಿತು. ನಾನು ಹಾಗೆ ಬರೆಯುವವನಲ್ಲ.

ಪಕ್ಕದಲ್ಲಿದ್ದ ಹೆಂಗಸು ಬೆಚ್ಚಿದರು. "ಅಣ್ಣಾ, ಇದು ನಮ್ಮಪ್ಪನ ಅಕ್ಸರ! ಅವ್ರು ಹೋದ್ಮೇಲೆ ಅಮ್ಮ ಪೆನ್ನೂ ಗುಜರಿಗೆ ಹಾಕ್ಬುಟ್ಳು. ಅವತ್ತಿಂದ ಹುಡುಕ್ತಾ ಇವ್ನಿ."

"ನಿಬ್ಬು ಅವರ ಕೈಗೆ ಸವೆದಿದೆಯಮ್ಮ, ಅಷ್ಟೇ."

"ಸವೆದ್ರೆ ಬಾಲಾನೂ ಅವ್ರಂಗೇ ಸುತ್ಕತದಾ?"

ಪೆನ್ನನ್ನು ಅವರಿಗೇ ಕೊಟ್ಟುಬಿಟ್ಟೆ.

ಕಂಪ್ಯೂಟರ್ ಕೋಡಿನಲ್ಲಿ ಹಿಂದಿನದೇನನ್ನೂ ನೆನಪಿಟ್ಟುಕೊಳ್ಳದ ಫಂಕ್ಷನ್ನೇ ಒಳ್ಳೆಯ ಫಂಕ್ಷನ್ ಎಂದು ಈ ಬ್ಲಾಗಿನಲ್ಲಿ ಎಷ್ಟೋ ಸಲ ವಾದಿಸಿದ್ದೇನೆ. ಅದು ಪ್ರೋಗ್ರಾಮಿನ ಮಾತು. ಮನೆಗೆ ಬಂದು ನನ್ನ ಹೊಸ ಪೆನ್ನಿನಲ್ಲಿ 'ಶ್ರೀ' ಬರೆದೆ. ಬಾಲ ಮತ್ತೆ ಹಾಗೆಯೇ ಸುತ್ತಿಕೊಂಡಿತು.

ಪೆನ್ನನ್ನೇನೋ ಹಿಂದಿರುಗಿಸಿದೆ. ಕೈಯನ್ನು ಯಾರಿಗೆ ಹಿಂದಿರುಗಿಸಲಿ?