ಗೇಟಿಲ್ಲದ ನಾಲೆಗೆ ಬಟ್ಟೆ ಒಗೆಯುವ ಕಲ್ಲು

ಮಳವಳ್ಳಿ ತಾಲ್ಲೂಕಿನ ನಮ್ಮೂರಿಗೆ ಬಂದ ನೀರನ್ನು ನಮ್ಮ ಗದ್ದೆಗಳ ಪಕ್ಕದಲ್ಲೇ ಹರಿಸಿ ಹಳ್ಳಕ್ಕೆ ಚೆಲ್ಲಿದವರು ಬಜೆಟ್ ಬರೆದವರು, ಅದಕ್ಕೆ ಮೇಜು ಕುಟ್ಟಿ ಒಪ್ಪಿಗೆ ಕೊಟ್ಟವರು ಮತ್ತು ಅದನ್ನು ನೆಲಕ್ಕಿಳಿಸುವ ಹೊಣೆ ಹೊತ್ತವರು. ಇದು ನನ್ನ ಆರೋಪ. ಇದರಲ್ಲಿ ಅನುಮಾನದ ಅಂಶವೇನೂ ಇಲ್ಲ; ಸೇತುವೆಯ ಮೇಲೆ ನಿಂತು ಕಣ್ಣಾರೆ ಕಂಡದ್ದನ್ನೇ ಬರೆಯುತ್ತಿದ್ದೇನೆ.

ನಾನು ಮಂಡ್ಯದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಬಜೆಟ್ ಮಂಡನೆಯಾದ ದಿನ ಅಧ್ಯಾಪಕರ ಕೊಠಡಿಯಲ್ಲಿ ಮೊಬೈಲಿಗೆ ಕಿವಿಗೊಟ್ಟು ಕುಳಿತಿದ್ದೆ. ನಾಲೆಗಳಿಗೆ ಕಾಂಕ್ರೀಟು ಹಾಕಿ ಕೊನೆಯ ಭಾಗದ ರೈತನಿಗೂ ನೀರು ಮುಟ್ಟಿಸುತ್ತೇವೆ ಎಂಬ ಮಾತು ಬಂದಾಗ ಎದ್ದು ಹೊರಗೆ ಹೋಗಿ ಊರಿಗೆ ಫೋನು ಮಾಡಿದೆ. ನನ್ನನ್ನು ಸಾಕಿ ಬೆಳೆಸಿದ ದೊಡ್ಡಪ್ಪ ನಮ್ಮೂರ ನಾಲೆಯ ನೀರುಗಂಟಿ. ಯಾರ ಗದ್ದೆಗೆ ಯಾವ ಹೊತ್ತಿನಲ್ಲಿ ನೀರು ತಿರುಗಬೇಕೆಂದು ನಿರ್ಧರಿಸಿ, ಹರಿಸಿ, ಜಗಳವಾದರೆ ನಡುವೆ ನಿಲ್ಲುವುದು ಅವನ ಕೆಲಸ. ಅವನ ಅಪ್ಪನ ಕಾಲದಲ್ಲಿ ಸುಗ್ಗಿಯಾದಾಗ ಪ್ರತಿ ಕಣದಿಂದಲೂ ನೀರುಗಂಟಿಯ ಪಾಲಿನ ಭತ್ತ ಮನೆಗೆ ಬರುತ್ತಿತ್ತು. ದೊಡ್ಡಪ್ಪನ ಕಾಲಕ್ಕೆ ಅದು ನೀರಾವರಿ ಇಲಾಖೆಯ ದಿನಗೂಲಿಯಾಯಿತು.

"ಟೀವೀಲಿ ನಾನೂ ನೋಡ್ದೆ ಕಣವ್ವ," ಎಂದ ದೊಡ್ಡಪ್ಪ. "ನಿಮ್ ದೊಡ್ಡವ್ವ ಆಗ್ಲೇ ಊರೆಲ್ಲಾ ಸಾರ್ಕೊಂಡ್ ಬಂದವ್ಳೆ."

ಬೇಸಿಗೆಯಲ್ಲಿ ಕೆಲಸ ನಡೆಯಿತು. ಅಲ್ಲಿಯವರೆಗೆ ನಮ್ಮ ನಾಲೆಯಲ್ಲಿ ನೀರನ್ನು ಏರಿಸುತ್ತಿದ್ದುದು ಕಲ್ಲು. ಸೇತುವೆಯ ಕೆಳಗೆ ಎರಡು ಕಂಬಗಳಿದ್ದವು. ಅವುಗಳ ನಡುವೆ ದೊಡ್ಡಪ್ಪ ಒಂದರ ಮೇಲೊಂದು ಚಪ್ಪಡಿ ಇಳಿಸಿದರೆ ನೀರು ತಡೆದು ನಿಂತು ಮೇಲೇರಿ, ದಂಡೆಯಲ್ಲಿದ್ದ ತೂಬುಗಳ ಬಾಯಿಗೆ ಬಂದು, ಗದ್ದೆಗಳಿಗೆ ನುಗ್ಗುತ್ತಿತ್ತು. ಯಂತ್ರ ಬಂದು ಕಂಬಗಳನ್ನು ಕಿತ್ತಿತು, ಹೂಳು ಬಗೆಯಿತು, ತಳವನ್ನೂ ಇಕ್ಕೆಲಗಳನ್ನೂ ಕಾಂಕ್ರೀಟಿನಿಂದ ನುಣುಪು ಮಾಡಿತು. ಸೇತುವೆಯ ಕೆಳಗೆ ಕಬ್ಬಿಣದ ಗೇಟು ಕೂರಿಸಲೆಂದು ಎರಡೂ ಗೋಡೆಗಳಲ್ಲಿ ಉದ್ದನೆಯ ಸೀಳು ಬಿಟ್ಟಿದ್ದರು.

ಆ ಸೀಳುಗಳನ್ನು ನೋಡಿಯೇ ನಮ್ಮೂರು ತಪ್ಪು ಮಾಡಿತು. ದಂಡೆಯ ಮೇಲೆ ಬಿದ್ದಿದ್ದ ಚಪ್ಪಡಿಗಳನ್ನು ದೊಡ್ಡಪ್ಪ ಊರಿಗೆ ಹಂಚಿಬಿಟ್ಟ. ತಲೆಮಾರುಗಳ ಕಾಲ ನೀರು ತೀಡಿ ನಯವಾಗಿಸಿದ ಕಲ್ಲುಗಳು ಅವು. ಬಟ್ಟೆ ಒಗೆಯಲು ಅವುಗಳಿಗಿಂತ ಒಳ್ಳೆಯ ಕಲ್ಲು ಸಿಗುವುದಿಲ್ಲ. ಮದುವೆಯ ಮನೆಯಲ್ಲಿ ತಾಂಬೂಲ ಕೊಡುವ ಯಜಮಾನನ ಗತ್ತಿನಲ್ಲಿ ನಿಂತು ಯಾವ ಮನೆಗೆ ಯಾವ ಕಲ್ಲೆಂದು ಅವನೇ ತೋರಿಸಿದ. ಎಲ್ಲಕ್ಕಿಂತ ದೊಡ್ಡದು ಗೌಡರ ಮನೆಯ ಹಿತ್ತಲಿಗೆ ಹೋಯಿತು.

"ತಕ್ಕೊಂಡ್ ಓಗ್ಲಾ, ಇನ್ಮ್ಯಾಕೆ ಕಬ್ಬುಣದ್ ಗೇಟು. ಚಕ್ರ ತಿರುಗ್ಸುದ್ರೆ ನೀರು ತಾನಾಗೇ ಎದ್ ಬತ್ತದೆ," ಎಂದು ಕಲ್ಲು ಹೊರಲು ಬಂದ ಹುಡುಗನಿಗೆ ಹೇಳಿದ.

"ಚಕ್ರ ತಿರುಗ್ಸೋದು ನೀನೇನಾ ದೊಡ್ಡಪ್ಪ?" ಎಂದು ಆ ಸಂಜೆ ಮನೆಯಲ್ಲಿ ಕೇಳಿದೆ.

"ಇನ್ಯಾರು? ನಮ್ಮಪ್ಪ ಕಲ್ಲು ಎತ್ತಿ ಎತ್ತಿ ಸೊಂಟ ಮುರ್ಕೊಂಡ. ನಾನು ಇಸ್ತ್ರಿ ಅಂಗಿ ಇಕ್ಕೊಂಡು ಚಕ್ರ ತಿರುಗಿಸ್ತೀನಿ, ನೋಡ್ತಾ ಇರು."

ದೊಡ್ಡವ್ವ ಒಳಗಿನಿಂದಲೇ ಕೂಗಿದಳು: "ಊರಿಗೆಲ್ಲಾ ಅಸಲು ಕಲ್ಲು ಅಂಚ್ದ ದೊರೆ, ಮನೆಗೆ ಮಾತ್ರ ಒಡಕ್ಲು ತಂದವ್ನೆ ಕಣವ್ವ. ಅದ್ರಲ್ಲಿ ಬಟ್ಟೆ ಒಗುದ್ರೆ ಅವ್ನ ಇಸ್ತ್ರಿ ಅಂಗಿನೇ ಮೊದ್ಲು ಅರಿಯಾದು!"

ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ಕುಳಿತಿದ್ದ ನಾನು ನಕ್ಕೆ. ದೊಡ್ಡಪ್ಪನೂ ನಕ್ಕ. ನೀರು ಹಂಚುವವನ ಮನೆತನ ತಲೆಯೆತ್ತಿ ನಿಲ್ಲುವ ಕಾಲ ಬಂದಿದೆಯೆಂದು ಅವನು ನಂಬಿದ್ದ. ಆ ನಂಬಿಕೆಯನ್ನು ಅವನಿಗೆ ಕೊಟ್ಟದ್ದು ವಿಧಾನಸೌಧದ ಮಾತು.

ಕೊನೆಯ ಭಾಗದ ಊರುಗಳಲ್ಲಿ ಒಂದು ಕಟ್ಟುಪಾಡಿದೆ. ನಾಲೆಯ ನೀರು ಊರ ಸೇತುವೆ ಮುಟ್ಟುವವರೆಗೆ ಯಾರೂ ಒಟ್ಲು ಹಾಕುವುದಿಲ್ಲ, ಅಂದರೆ ನಾಟಿಗೆ ಬೇಕಾದ ಪೈರು ಬೆಳೆಸಲು ಭತ್ತ ಚೆಲ್ಲುವುದಿಲ್ಲ. ಈ ವರ್ಷ ಅದನ್ನೂ ಮುರಿದರು. ದೊಡ್ಡವ್ವ ಮಂಡ್ಯಕ್ಕೆ ಬಂದು ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಿಂದ ಬೀಜ ಕೊಂಡೊಯ್ದಳು. ಗೌಡರ ಕೊಳವೆಬಾವಿಯ ನೀರು ಬೇಡಿ ಪಡೆದು, ಎಲ್ಲರಿಗಿಂತ ಮೊದಲೇ ಒಟ್ಲು ಹಾಕಿದಳು. ಹಸಿರು ಗಿಣಿಯಂಥ ಪೈರು ಎದ್ದಿತು. ಆದರೆ ಪೈರಿಗೂ ಒಂದು ಪ್ರಾಯವಿದೆ. ಅದು ಮೀರಿದರೆ ಗೆಣ್ಣು ಕಟ್ಟಿಕೊಳ್ಳುತ್ತದೆ, ಆಮೇಲೆ ನೆಟ್ಟರೆ ಬುಡದಿಂದ ಹೊಸ ತೆಂಡೆ, ಅಂದರೆ ಮರಿ, ಒಡೆಯುವುದಿಲ್ಲ, ತೆನೆ ಕಾಣುವುದಿಲ್ಲ. ಇರುವ ಒಂದು ತುಂಡು ಗದ್ದೆಯ ಭತ್ತವೇ ಆ ಮನೆಯ ವರ್ಷದ ಅನ್ನ. ಉಳಿದಂತೆ ದೊಡ್ಡವ್ವ ಇತರರ ಗದ್ದೆಗಳಿಗೆ ನಾಟಿ ಆಳಾಗಿ ಹೋಗುತ್ತಾಳೆ. ಊರಿಗೆ ನೀರಿಲ್ಲವಾದರೆ ಅನ್ನವೂ ಇಲ್ಲ, ಕೂಲಿಯೂ ಇಲ್ಲ.

ನೀರು ಬಂದ ದಿನ ಭಾನುವಾರವಾದ್ದರಿಂದ ನಾನೂ ಊರಿನಲ್ಲಿದ್ದೆ. ಹೆಂಗಸರು ಸೇತುವೆಯ ಕಟ್ಟೆಗೆ ಅರಿಸಿನ ಕುಂಕುಮವಿಟ್ಟರು, ಯಾರೋ ತೆಂಗಿನಕಾಯಿ ಒಡೆದರು. ತಿಳಿಯಾದ, ರಭಸದ ನೀರು ಬಂತು; ಮಕ್ಕಳು ಚಪ್ಪಾಳೆ ತಟ್ಟಿದರು. ಗೇಟಿರಬೇಕಾದ ಸೀಳುಗಳು ಖಾಲಿಯಾಗಿದ್ದವು. ತಳ ಬಗೆದು ಆಳವಾಗಿದ್ದ ನಾಲೆಯಲ್ಲಿ ನೀರು ತೂಬಿನ ಬಾಯಿಗಿಂತ ಮೊಳದಷ್ಟು ಕೆಳಗೆ, ಯಾರ ಗೊಡವೆಯೂ ಇಲ್ಲದಂತೆ, ಹರಿದುಹೋಯಿತು. ಗದ್ದೆಗೆ ಹನಿ ಬೀಳಲಿಲ್ಲ. ಎಲ್ಲವೂ ಊರಾಚೆಯ ಹಳ್ಳಕ್ಕೆ ಬಿದ್ದು ಹೊಳೆಯ ಪಾಲಾಯಿತು.

ಎದುರುಮನೆಯ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಏನ್ ನೀರ್ಗಂಟಣ್ಣ, ನಿನ್ ನೀರು ಕಾನ್ವೆಂಟ್ ಮಕ್ಳಂಗೆ ಸಿಸ್ತಾಗಿ ಓಯ್ತಾ ಅದಲ್ಲ! ನಮ್ ಗದ್ದೆ ಕಡಿಕೆ ಕಣ್ಣೆತ್ತೂ ನೋಡಂಗಿಲ್ವಾ?"

ಎಲ್ಲರೂ ನಕ್ಕರು. ದೊಡ್ಡಪ್ಪ ನಗಲಿಲ್ಲ. ಬಾಳೆದಿಂಡು, ಕಬ್ಬಿನ ಸೋಗೆ, ಮಣ್ಣು ತುಂಬಿದ ಚೀಲ ಎಲ್ಲವನ್ನೂ ಅಡ್ಡ ಹಾಕಿ ನೋಡಿದ. ಮಣ್ಣಿನ ನಾಲೆಯಾಗಿದ್ದರೆ ಕಚ್ಚಿಕೊಂಡು ನಿಲ್ಲುತ್ತಿದ್ದವು. ನುಣುಪಾದ ಕಾಂಕ್ರೀಟಿನ ಮೇಲೆ ಒಂದೊಂದೇ ಜಾರಿ ತೇಲಿಹೋದವು.

ಮುಂದಿನ ಶನಿವಾರ ಮದ್ದೂರಿನ ಮೇಲೆ ಹಾಯ್ದು ಬರುವ ಬಸ್ಸಿನಲ್ಲಿ ಕುಳಿತು ಊರಿಗೆ ಹೊರಟೆ. ಮದ್ದೂರಿನ ಆಸುಪಾಸಿನಲ್ಲಿ ಹೆಂಗಸರು ಸೀರೆ ಎತ್ತಿಕಟ್ಟಿ ನಾಟಿ ಹಾಕುತ್ತಿದ್ದರು. ನೆಟ್ಟ ಗದ್ದೆಗಳು ಆಗಲೇ ಬೇರು ಹಿಡಿದು ಹಸಿರಾಗಿದ್ದವು. ಅವರ ಹಸಿರಿನ ಮೇಲೆ ನನಗೆ ಹೊಟ್ಟೆಯುರಿ ಇಲ್ಲ. ಆದರೆ ಮಳವಳ್ಳಿ ದಾಟಿ ನಮ್ಮ ದಾರಿ ಹಿಡಿದಾಗ ಉತ್ತು ಬಿಟ್ಟ ಬರಿಗದ್ದೆಗಳು ಕಂಡು ಸಿಟ್ಟು ನೆತ್ತಿಗೇರಿತು. ಇದೇ ತಾಲ್ಲೂಕಿನ ಶಿವನಸಮುದ್ರದಲ್ಲಿ, ಧುಮುಕುವ ನೀರಿನಿಂದ ವಿದ್ಯುತ್ತು ತೆಗೆದು ದೂರದೂರಿಗೆ ಕಳಿಸುವುದನ್ನು ನಮ್ಮ ಮುತ್ತಜ್ಜಂದಿರ ಕಾಲದಲ್ಲೇ ಕಲಿತ ಸರ್ಕಾರಕ್ಕೆ, ಈ ಕಾಲದಲ್ಲಿ ನೀರನ್ನು ಒಂದು ಮೊಳ ಮೇಲೆತ್ತಲು ಆಗಲಿಲ್ಲ.

ಮನೆಯಲ್ಲಿ ದೊಡ್ಡವ್ವ ಒಂದು ಪೈರು ಕಿತ್ತು ತಂದು ನನ್ನ ಅಂಗೈಯಲ್ಲಿಟ್ಟಳು. "ಮುಟ್ಟಿ ನೋಡು ಮಗ. ಇನ್ನೂ ಗೆಣ್ಣಾಗಿಲ್ಲ. ಆದ್ರೆ ಇನ್ ಜಾಸ್ತಿ ದಿನ ತಡಿಯಾಕಿಲ್ಲ ಇದು."

ದೊಡ್ಡಪ್ಪ ಗೋಡೆಗೆ ಒರಗಿ ಕೂತಿದ್ದ. "ಕಲ್ಲು ವಾಪಸ್ ತರ್ಬೇಕು," ಎಂದ. ಏಳಹೊರಟವನು ಮತ್ತೆ ಕೂತು, "ಎಂಗೆ ಕೇಳಾದು?" ಎಂದ.

ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದು ನಮ್ಮ ಕಡೆ ದೊಡ್ಡ ಅವಮಾನ. ನಾನೂ ಜೊತೆಗೆ ಹೊರಟೆ. ಮೊದಲು ಗೌಡರ ಮನೆ. ಹಿತ್ತಲಲ್ಲಿ ಆ ಮನೆಯ ಅಜ್ಜಿ ಅದೇ ಚಪ್ಪಡಿಯ ಮೇಲೆ ಸೊಸೆಯಿಂದ ರಗ್ಗು ಒಗೆಸುತ್ತ ನಿಂತಿದ್ದರು.

"ಏನ್ಲಾ, ಕೊಟ್ಟ ಕಲ್ಲ ಕಿತ್ಕೊಳ್ಳಾಕ್ ಬಂದ್ಯಾ?"

ಊರಿನ ಹೈಕಳನ್ನೂ ನರೆತ ತಲೆಯ ದೊಡ್ಡಪ್ಪನನ್ನೂ ಆ ಅಜ್ಜಿ ಒಂದೇ ದನಿಯಲ್ಲಿ ಕರೆಯುತ್ತಾರೆ. ಅದು ನನ್ನನ್ನು ಚುಚ್ಚುತ್ತದೆ, ಅಂದೂ ಚುಚ್ಚಿತು. ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ನನ್ನ ಮೊಣಕೈ ಹಿಡಿದ.

"ಊಂ ಕಣವ್ವ. ಗೇಟು ಬತ್ತದೆ ಅಂತ ನಂಬ್ಬುಟ್ಟೆ. ಬರ್ನಿಲ್ಲ."

ಅಜ್ಜಿ ಅವನ ಮುಖವನ್ನೇ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ, "ತೆಗಿಯಮ್ಮಿ ಆ ರಗ್ಗ. ಒಗಿಯಾದು ನಾಳಿಕ್ಕಾದ್ರೂ ಆಯ್ತದೆ, ಪೈರು ಕಾಯ್ತದಾ?" ಎಂದು ಬಕೆಟ್ಟಿನ ನೀರನ್ನು ತಾವೇ ಕಲ್ಲಿನ ಮೇಲೆ ಸುರಿದು ಸೋಪಿನ ನೊರೆ ತೊಳೆದರು. "ನಂಬಿದ್ದು ನೀನೊಬ್ನೇ ಏನ್ಲಾ? ನಮ್ ಮನೆಯೋರೂ ಮೀಸೆ ತಿರುವ್ಕೊಂಡ್ ನಂಬಿದ್ರು. ನಮ್ ಟ್ಯಾಕ್ಟರ್ ತಕ್ಕೊಂಡ್ ಓಗು."

ಗೌಡರ ಮನೆಯ ಕಲ್ಲು ಟ್ರ್ಯಾಕ್ಟರಿಗೆ ಏರಿದ ಮೇಲೆ ಬೇರೆ ಮನೆಗಳಲ್ಲಿ ಕೇಳುವ ಪ್ರಮೇಯವೇ ಬರಲಿಲ್ಲ. ಹೆಂಗಸರು ತಾವೇ ಕಲ್ಲು ತೊಳೆದು, ಗಂಡಸರಿಂದ ಹೊರಿಸಿ ತಂದರು. ಒಂದಕ್ಕೆ ನೀಲಿ ಹತ್ತಿತ್ತು, ಇನ್ನೊಂದರಲ್ಲಿ ಮಕ್ಕಳು ಕುಂಟೆಬಿಲ್ಲೆಯ ಮನೆ ಗೀಚಿದ್ದರು. ಮೆರವಣಿಗೆಯ ಕೊನೆಯಲ್ಲಿ ದೊಡ್ಡವ್ವ ತನ್ನ ಒಡಕಲು ಕಲ್ಲನ್ನು ತಲೆಯ ಮೇಲೆ ಸಿಂಬೆಯಿಟ್ಟು ಹೊತ್ತು ತಂದಳು. ಸೀಳಿನ ಅಗಲಕ್ಕೆ ಚಪ್ಪಡಿಗಳು ಹೊಂದಲಿಲ್ಲ. ಹಾಗಾಗಿ ಸೀಳುಗಳ ನಡುವೆ ಗಟ್ಟಿ ಬಿದಿರು ಅಡ್ಡಕೊಟ್ಟು, ಚಪ್ಪಡಿಗಳನ್ನು ಅದಕ್ಕೆ ಆನಿಸಿ, ಸಂದುಗಳಿಗೆ ಗೋಣಿ ತುರುಕಿದರು. ನೀರು ತಡೆದು ನಿಂತಿತು. ನಿಧಾನವಾಗಿ ಗೋಡೆಯನ್ನು ನೆನೆಸುತ್ತ ಮೇಲೆ ಬಂತು. ಮೊದಲ ತೂಬು ಗೊಳಗೊಳ ಎಂದಾಗ ಎದುರುಮನೆಯ ಅಕ್ಕ, "ಈಗ್ ತಿರುಗ್ತು ನೋಡು ಕಾನ್ವೆಂಟು!" ಎಂದು ಕೂಗಿದಳು.

ಅಷ್ಟರಲ್ಲಿ ದಂಡೆಯ ಮೇಲೆ ಬೈಕು ಬಂತು. ನಾಲೆಯ ಉಸ್ತುವಾರಿಯ ಕಿರಿಯ ಎಂಜಿನಿಯರು. ನನ್ನ ವಯಸ್ಸಿನವನೇ ಇದ್ದಾನು. ಚಪ್ಪಡಿಗಳನ್ನು ನೋಡಿ ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದ.

"ನಾಲೆಗೆ ಅಡ್ಡ ಕಟ್ಟೋ ಹಾಗಿಲ್ಲ, ಕೇಸಾಗುತ್ತೆ," ಎಂದ. ದನಿಯಲ್ಲಿ ಗದರಿಕೆಗಿಂತ ಸಂಕಟವಿತ್ತು.

"ಗೇಟೆಲ್ಲಿ?" ಎಂದು ನಾನು ಕೇಳಿದೆ.

"ಈ ಸಲ ಮಂಜೂರಾಗಿದ್ದು ಕಾಂಕ್ರೀಟು ಮಾತ್ರ ಮೇಡಂ. ಗೇಟು ಬೇರೆ ಬಾಬ್ತು, ಅದಕ್ಕೆ ಅನುದಾನ ಬಂದಿಲ್ಲ. ಬಂದರೂ ತಿರುಗಿಸೋಕೆ ಆಳಿಲ್ಲ, ದಿನಗೂಲಿ ನಿಲ್ಲಿಸಿದ್ದಾರೆ. ನಾನು ಬರೆದು ಬರೆದು ಸಾಕಾಗಿದೆ. ಈಗ ನಾನು ಇದನ್ನ ನೋಡಿಲ್ಲ ಅಂತ ಹೇಳೋಕಾಗಲ್ಲ."

ದೊಡ್ಡವ್ವ ಮಜ್ಜಿಗೆಯ ಚೊಂಬು ಅವನ ಕೈಗಿಟ್ಟಳು. "ಅಂಗಾದ್ರೆ ಅತ್ಲಾಗ್ ಮಕ ಮಾಡ್ಕೊಂಡ್ ಕುಂತ್ಕೊ ಕಣಪ್ಪ. ನೀನೂ ಭತ್ತದ ಅನ್ನನೇ ಉಣ್ಣಾದಲ್ವಾ?"

ಅವನು ಸೇತುವೆಯ ಕಟ್ಟೆಯ ಮೇಲೆ ಕಲ್ಲುಗಳಿಗೆ ಬೆನ್ನು ಹಾಕಿ ಕುಳಿತು ಮಜ್ಜಿಗೆ ಕುಡಿದ. ಹೊರಡುವಾಗ ಮೆಲ್ಲಗೆ ಹೇಳಿದ: ನಾಟಿ ಮುಗಿದ ಕೂಡಲೇ ತೆಗೆಯಿರಿ, ಮೇಲಿನವರು ಬಂದು ನೋಡಿದರೆ ನನ್ನಿಂದ ತಡೆಯಲಾಗದು.

ದೊಡ್ಡವ್ವನ ಪೈರು ಪ್ರಾಯ ಮೀರುವ ಮುನ್ನ ಗದ್ದೆ ಸೇರಿತು. ಆದರೆ ನೆಟ್ಟ ಭತ್ತ ತೆನೆಯಾಗುವವರೆಗೆ ನೀರು ಕುಡಿಯಬೇಕು. ಇದನ್ನು ಬರೆಯುತ್ತಿರುವ ಹೊತ್ತಿಗೂ ಆ ಕಲ್ಲುಗಳು ನಾಲೆಯಲ್ಲೇ ಇವೆ. ಕೂಲಿಯಿಲ್ಲದ ದೊಡ್ಡಪ್ಪ ಅವುಗಳನ್ನು ಏರಿಸಿ ಇಳಿಸಿ ನೀರು ಹಂಚುತ್ತಿದ್ದಾನೆ, ಕಾನೂನಿನ ಕಣ್ಣಲ್ಲಿ ಅಪರಾಧಿಯಾಗಿ. ಕಲ್ಲು ತೆಗೆಸಿದ ದಿನ ಬೆಳೆ ಒಣಗಲು ತೊಡಗುತ್ತದೆ.

ಕಾಂಕ್ರೀಟಿಗೆ ಹಣ ಏಕೆ ಸಿಗುತ್ತದೆ, ನೀರುಗಂಟಿಗೆ ಏಕಿಲ್ಲ ಎಂದು ನನ್ನ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬಳು ಕೇಳಿದಳು. ಕಾಂಕ್ರೀಟಿಗೆ ಗುದ್ದಲಿ ಪೂಜೆಯಿದೆ, ಹೆಸರು ಕೆತ್ತಿದ ಫಲಕವಿದೆ, ಗುತ್ತಿಗೆಯಿದೆ. ಬೆಳಗಿನ ಜಾವ ಎದ್ದು ತೂಬು ತಿರುಗಿಸುವವನ ಸಂಬಳಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ. ಕಟ್ಟಲು ಕೊಟ್ಟು ನಡೆಸಲು ಕೊಡದ ಬಜೆಟ್ಟು ರೈತನ ಆದಾಯವನ್ನು ಭಾಷಣದಲ್ಲಷ್ಟೇ ಹೆಚ್ಚಿಸುತ್ತದೆ.

ಆದ್ದರಿಂದ ಆಯವ್ಯಯವನ್ನು ರೂಪಿಸುವ ಸರ್ಕಾರವನ್ನೂ ಅದಕ್ಕೆ ಒಪ್ಪಿಗೆ ನೀಡುವ ಜನಪ್ರತಿನಿಧಿಗಳನ್ನೂ ಈ ಮೂಲಕ ವಿಧ್ಯುಕ್ತವಾಗಿ ಕೋರುತ್ತೇನೆ. ಗೇಟಿಲ್ಲದೆ ನಾಲೆಯನ್ನು ಮುಗಿಸಿದ್ದು ಯಾರ ತೀರ್ಮಾನವೆಂದು ಲಿಖಿತವಾಗಿ ಉತ್ತರಿಸಿ. ಈ ಬೆಳೆಯ ತೆನೆ ಕೊಯ್ಯುವವರೆಗೆ ನಮ್ಮ ಕಲ್ಲುಗಳನ್ನು ಮುಟ್ಟಬೇಡಿ, ಅವುಗಳನ್ನು ಇಟ್ಟವರ ಮೇಲೆ ಮೊಕದ್ದಮೆ ಹೂಡಬೇಡಿ. ಮುಂದಿನ ಆಯವ್ಯಯದಲ್ಲಿ ಹೊಸ ಕಾಂಕ್ರೀಟಿಗೆ ಹಣ ಇಡುವ ಮುನ್ನ, ಹಾಕಿರುವ ಕಾಂಕ್ರೀಟಿಗೆ ಗೇಟನ್ನೂ ಆ ಗೇಟಿಗೆ ತಿಂಗಳ ಸಂಬಳದ ನೀರುಗಂಟಿಯನ್ನೂ ಕೊಡಿ. ಉತ್ತರವನ್ನು ಅಂಚೆಯಲ್ಲಿ ಕಳಿಸುವ ಅಗತ್ಯವಿಲ್ಲ. ನಮ್ಮೂರ ಸೇತುವೆಯ ಮೇಲೆ ನಿಂತು ಓದಿ ಹೇಳಿ. ಗೌಡರ ಮನೆಯ ಅಜ್ಜಿ ತಮ್ಮ ಒಗೆಯುವ ಕಲ್ಲು ಹಿಂದಿರುಗುವುದು ಯಾವಾಗ ಎಂದು ಕೇಳುತ್ತಿದ್ದಾರೆ. ಅವರಿಗೂ ನೀವೇ ಉತ್ತರಿಸಬೇಕು.